ತಲೆಸುತ್ತು ಎಂದು ಬಂದ ಹುಡುಗಿ, ಎಪಿಎಲ್ ಆದ ಮನೆ

ಆಪ್ತಸಲಹೆಗಾರ್ತಿಯಾಗಿ ನಾನು ಕಂಡ ಈ ಪ್ರಕರಣವನ್ನು ಆ ಕುಟುಂಬದವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಕೊಟ್ಟಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯವಹಾರವನ್ನೇ ನೆಚ್ಚಿಕೊಂಡಿರುವ ಹಳ್ಳಿಗಳಲ್ಲಿ ಒಂದು ಎಂದಷ್ಟೇ ಓದುಗರು ತಿಳಿದುಕೊಂಡರೆ ಸಾಕು. ಮನೆಯಲ್ಲಿ ಆರು ಜನ: ಅಜ್ಜಿ, ಆಕೆಯ ಮಗ, ಸೊಸೆ ಮತ್ತು ಮೂವರು ಮೊಮ್ಮಕ್ಕಳು. ಹಿರಿಯ ಮೊಮ್ಮಗನಿಗೆ 22 ವರ್ಷ. ಹೊಸಕೋಟೆಯ ಕಡೆ ಗುತ್ತಿಗೆದಾರರೊಬ್ಬರ ಕೆಳಗೆ ಪಾರ್ಸಲ್ ಹಂಚುವ ಕೆಲಸ ಮಾಡಿಕೊಂಡು ಅಲ್ಲಿಯೇ ಬಾಡಿಗೆ ಕೋಣೆಯಲ್ಲಿದ್ದಾನೆ. ಹುಡುಗಿ ಮೊದಲ ವರ್ಷದ ಪಿಯುಸಿಯಲ್ಲಿದ್ದಾಳೆ, ಕಿರಿಯವನು ಐದನೇ ತರಗತಿಯಲ್ಲಿದ್ದಾನೆ. ತಾಯಿ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ದಿನಗೂಲಿ ಮಾಡುತ್ತಾರೆ. ತಂದೆ ಹಿಂದೆ ಮೂಟೆ ಹೊರುತ್ತಿದ್ದವರು. ಸೊಂಟಕ್ಕೆ ಪೆಟ್ಟಾದ ಮೇಲೆ ಹಿಪ್ಪುನೇರಳೆ ತೋಟಗಳಲ್ಲಿ ಸಿಕ್ಕಿದ ದಿನ ಸಿಕ್ಕಿದ ಹಗುರ ಕೆಲಸವನ್ನು ಮಾಡುತ್ತಾರೆ.

2025ರ ಜನವರಿ ಎರಡನೇ ವಾರದಲ್ಲಿ ಹುಡುಗಿಯನ್ನು ಅವಳ ಉಪನ್ಯಾಸಕಿಯೊಬ್ಬರು ನನ್ನ ಬಳಿಗೆ ಕಳುಹಿಸಿದರು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎರಡು ಸಲ ತಲೆಸುತ್ತಿ ಬಿದ್ದಿದ್ದಳು, ತರಗತಿಯಲ್ಲಿ ಮಂಕಾಗಿ ಕೂರುತ್ತಿದ್ದಳು, ಕಿರುಪರೀಕ್ಷೆಯ ಅಂಕಗಳು ಇಳಿದಿದ್ದವು. ಉಪನ್ಯಾಸಕಿಯ ಅನುಮಾನ ಪರೀಕ್ಷೆಯ ಭಯದ ಮೇಲಿತ್ತು, ಅದನ್ನು ನಾನೂ ಹಾಗೆಯೇ ಒಪ್ಪಿಕೊಂಡೆ. ಆ ಮೊದಲ ಭೇಟಿಯಲ್ಲಿ ಓದಿನ ವೇಳಾಪಟ್ಟಿಯ ಬಗ್ಗೆ ಕೇಳಿದೆ, ನಿದ್ದೆಯ ಬಗ್ಗೆ ಕೇಳಿದೆ, ಗೆಳತಿಯರ ಬಗ್ಗೆ ಕೇಳಿದೆ. ಬೆಳಗ್ಗೆ ಏನು ತಿಂದು ಬಂದೆ ಎಂದು ಮಾತ್ರ ಕೇಳಲಿಲ್ಲ. ಉಸಿರಾಟದ ಅಭ್ಯಾಸವೊಂದನ್ನು ಹೇಳಿಕೊಟ್ಟು ಕಳುಹಿಸಿದೆ. ಹಸಿದ ಹೊಟ್ಟೆಯ ಹುಡುಗಿಗೆ ದೀರ್ಘವಾಗಿ ಉಸಿರೆಳೆದುಕೋ ಎಂದು ಹೇಳಿದ್ದು ನನಗೆ ಇಂದಿಗೂ ನೋವು ಕೊಡುವ ಸಂಗತಿ. ಇದೇ ಕೆಲಸ ಮಾಡುವ ಬೇರೆಯವರು ಈ ತಪ್ಪು ಮಾಡಬಾರದೆಂದು ಇದನ್ನು ಮೊದಲಿಗೇ ಬರೆದಿದ್ದೇನೆ.

ಎರಡನೇ ಭೇಟಿಯಲ್ಲಿ ಕೇಳಿದಾಗ ಅವಳು, ಸೋಮವಾರ ಶಿವನ ಒಪ್ಪತ್ತು, ಗುರುವಾರ ರಾಯರ ಒಪ್ಪತ್ತು, ಶನಿವಾರ ತಿಮ್ಮಪ್ಪನ ಒಪ್ಪತ್ತು ಎಂದಳು. ಹದಿನಾರು ವರ್ಷದ ಹುಡುಗಿ ವಾರಕ್ಕೆ ಮೂರು ದಿನ ವ್ರತ ಹಿಡಿಯುವುದು ಅಪರೂಪ. ಇದು ಯಾವಾಗಿನಿಂದ ಎಂದು ಕೇಳಿದೆ. ಕಾರ್ತಿಕದಿಂದ ಎಂದಳು. ಮನೆಯಲ್ಲಿ ಬೇರೆ ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಒಪ್ಪತ್ತು ಇರೋದು ತಮ್ಮನಿಗೆ ಸಾಲಲಿ ಅಂತ ಮೇಡಂ, ಅಮ್ಮನಿಗೆ ಹೇಳಬೇಡಿ" ಎಂದಳು. ಅದೇ ದಿನ ಅವಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗುವಂತೆ ಉಪನ್ಯಾಸಕಿಯನ್ನು ಕೇಳಿಕೊಂಡೆ. ಹಿಮೋಗ್ಲೋಬಿನ್ 8.6 ಬಂತು. ಆ ವಯಸ್ಸಿನ ಹುಡುಗಿಗೆ ಅದು 12ಕ್ಕಿಂತ ಕಡಿಮೆ ಇರಬಾರದು. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು, ಮಾತ್ರೆಯ ಜೊತೆಗೆ ಚಹಾ ಕುಡಿಯಬಾರದೆಂದು ಹೇಳಿದರು. ಆ ಮನೆಯಲ್ಲಿ ಆ ತಿಂಗಳುಗಳಲ್ಲಿ ಬೆಳಗಿನ ಹೊತ್ತು ಒಲೆಯ ಮೇಲೆ ಆಗುತ್ತಿದ್ದದ್ದು ಚಹಾ ಒಂದೇ ಎಂಬುದು ನನಗೆ ತಿಳಿದದ್ದು ಆಮೇಲೆ.

ತಾಯಿಗೆ ಹೇಳಬೇಡಿ ಎಂಬ ಮಾತನ್ನು ನಾನು ಹಾಗೆಯೇ ಒಪ್ಪಿಕೊಳ್ಳುವಂತಿರಲಿಲ್ಲ. ಗುಟ್ಟನ್ನು ಕಾಯುವುದು ನನ್ನ ವೃತ್ತಿಯ ಮೊದಲ ನಿಯಮ; ಆದರೆ ಮಗುವಿನ ಆರೋಗ್ಯಕ್ಕೆ ಕುತ್ತು ಬಂದಾಗ ಆ ನಿಯಮಕ್ಕೆ ಮಿತಿಯಿದೆ. ಅದನ್ನು ಹುಡುಗಿಗೆ ಬಿಡಿಸಿ ಹೇಳಿ, ಏನನ್ನು ಹೇಳುವುದು, ಹೇಗೆ ಹೇಳುವುದು ಎಂಬುದನ್ನು ಇಬ್ಬರೂ ಕೂತು ತೀರ್ಮಾನಿಸಿದೆವು. ತಾಯಿ ಬಂದದ್ದು ಜನವರಿ ಕೊನೆಯ ವಾರ, ಘಟಕಕ್ಕೆ ಗೂಡು ಬಾರದೆ ಕೆಲಸ ನಿಂತಿದ್ದ ಒಂದು ದಿನ. ಬಂದವರೇ ಎರಡು ಕೈಗಳನ್ನೂ ಸೆರಗಿನೊಳಗೆ ಇಟ್ಟುಕೊಂಡು ಕೂತರು. ಬೆಂದ ಗೂಡಿನಿಂದ ಎಳೆ ಹಿಡಿಯಲು ದಿನವಿಡೀ ಬಿಸಿನೀರಿನಲ್ಲಿ ಬೆರಳಾಡಿಸುವವರ ಕೈ ಸುಲಿದು ಬೆಳ್ಳಗಾಗಿರುತ್ತದೆ, ಹೆಬ್ಬೆರಳಿನ ಗೆರೆ ಅಳಿಸಿಹೋಗಿರುತ್ತದೆ. ಆ ಗೆರೆಯ ಮಾತು ಈ ಪ್ರಕರಣದಲ್ಲಿ ಮತ್ತೆ ಬರುತ್ತದೆ.

ಆಕೆ ಹೇಳಿದ್ದಿಷ್ಟು. ನವೆಂಬರ್‌ನಲ್ಲಿ ಅತ್ತೆ ಪಡಿತರ ಕೊಡುವ ಸೊಸೈಟಿಗೆ ಹೋಗಿ ಹೆಬ್ಬೆಟ್ಟು ಕೊಟ್ಟಾಗ ಯಂತ್ರದಲ್ಲಿ ಅಕ್ಕಿಯ ಲೆಕ್ಕ ತೋರಿಸಲಿಲ್ಲ. ನಿಮ್ಮ ಕಾರ್ಡು ಎಪಿಎಲ್ (ಬಡತನದ ರೇಖೆಗಿಂತ ಮೇಲಿನವರದು) ಆಗಿದೆ, ಇನ್ನು ಅಕ್ಕಿ ಇಲ್ಲ ಎಂದು ಅಂಗಡಿಯವರು ಹೇಳಿದರು. ಏಕೆ ಎಂದು ಕೇಳಿದ್ದಕ್ಕೆ, ನಿಮ್ಮಲ್ಲಿ ಯಾರೋ ಇನ್‌ಕಮ್ ಟ್ಯಾಕ್ಸ್ ಕಟ್ಟುತ್ತಾರಂತೆ ಎಂಬ ಉತ್ತರ ಬಂತು. ಮನೆಗೆ ಒಂದು ಕಾಗದವೂ ಬಂದಿರಲಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದವರು ಅಜ್ಜಿಯ ಕಡೆಗೆ ತಿರುಗಿ ನೋಡಿದರಂತೆ. ಆಮೇಲೆ ಅಜ್ಜಿ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟರು.

ಇಲ್ಲಿ ಆ ಮನೆಯ ಲೆಕ್ಕವನ್ನು ಬರೆಯಲೇಬೇಕು, ಏಕೆಂದರೆ ಮುಂದಿನದೆಲ್ಲವೂ ಈ ಲೆಕ್ಕದೊಳಗೇ ನಡೆದಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ, ಅಂದರೆ ನಾವು ಬಿಪಿಎಲ್ ಎನ್ನುವ ಕಾರ್ಡಿನ, ಪ್ರತಿಯೊಬ್ಬ ಸದಸ್ಯರಿಗೂ ತಿಂಗಳಿಗೆ 5 ಕಿಲೋ ಧಾನ್ಯ ಸಿಗಬೇಕು. 2023ರ ಜನವರಿಯಿಂದ ಅದು ಉಚಿತ. ಅನ್ನಭಾಗ್ಯದಲ್ಲಿ ರಾಜ್ಯ ಸರ್ಕಾರ ಕೊಡುತ್ತೇನೆಂದ ಇನ್ನೂ 5 ಕಿಲೋಗೆ ಅಕ್ಕಿ ಹೊಂದಿಸಲಾಗದೆ, 2023ರ ಜುಲೈನಿಂದ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಕುಟುಂಬದ ಯಜಮಾನಿಯ ಖಾತೆಗೆ ಬೀಳುತ್ತಿತ್ತು. ಈ ಮನೆಯ ಆರು ಹೆಸರಿಗೆ 30 ಕಿಲೋ ಧಾನ್ಯ ಮತ್ತು 1,020 ರೂಪಾಯಿ ಬರುತ್ತಿದ್ದವು. ಅಂಗಡಿಯಲ್ಲಿ ತಾಯಿ ಕೊಳ್ಳುತ್ತಿದ್ದ ಅಕ್ಕಿ ಕಿಲೋಗೆ 45 ರೂಪಾಯಿ. 30 ಕಿಲೋಗೆ 1,350, ಅದಕ್ಕೆ 1,020 ಕೂಡಿದರೆ ತಿಂಗಳಿಗೆ 2,370 ರೂಪಾಯಿ. ಆಕೆಯ ದಿನಗೂಲಿ 300. ಗೂಡಿನ ಆವಕ ನೋಡಿಕೊಂಡು ತಿಂಗಳಿಗೆ 16ರಿಂದ 18 ದಿನ ಕೆಲಸ. ಹಾಗಾದರೆ ಕಾರ್ಡಿನ ಬಣ್ಣ ಬದಲಾದದ್ದರಿಂದ ಆಕೆಯ ಸುಮಾರು 8 ದಿನದ ದುಡಿಮೆ, ಹೆಚ್ಚುಕಡಿಮೆ ಅರ್ಧ ತಿಂಗಳ ಕೂಲಿ, ಇಲ್ಲದಂತಾಯಿತು. ಈ ಕೂಡುವಿಕೆಯನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಆಕೆ ಅದನ್ನು ಬಹಳ ಹೊತ್ತು ನೋಡಿದರು. ಆ ಎರಡು ತಿಂಗಳು ತಾನು ಸರಿಯಾಗಿ ಸಂಸಾರ ತೂಗಿಸುತ್ತಿಲ್ಲವೆಂದೇ ಆಕೆ ತಿಳಿದುಕೊಂಡಿದ್ದರು.

ಹೊರಗಿನವರು ಇಂಥ ಸಂದರ್ಭದಲ್ಲಿ ಮನೆಯವರು ಒಟ್ಟಾಗಿ ಕಡಿಮೆ ತಿನ್ನುತ್ತಾರೆ ಎಂದುಕೊಳ್ಳುತ್ತಾರೆ. ಹಾಗೆ ಆಗುವುದಿಲ್ಲ. ಊಟ ಕಡಿಮೆಯಾಗುವುದಕ್ಕೂ ಮನೆಯಲ್ಲಿ ಒಂದು ಸರದಿಯಿದೆ, ಅದು ಹೆಣ್ಣುಮಕ್ಕಳಿಂದ ಆರಂಭವಾಗುತ್ತದೆ. ಮೊದಲು ಬೇಳೆ ಹೋಯಿತು, ಸಾರು ನೀರಾಯಿತು. ಬೆಳಗಿನ ತಿಂಡಿ ನಿಂತು ಚಹಾ ಉಳಿಯಿತು. ಹಿಟ್ಟಿನ ಮುದ್ದೆ ಚಿಕ್ಕದಾಯಿತು. ಆಮೇಲೆ ಒಬ್ಬೊಬ್ಬರೂ ಒಂದೊಂದು ನೆಪ ಹುಡುಕಿಕೊಂಡರು. ಮಗಳದು ಒಪ್ಪತ್ತು. ತಾಯಿಯದು ಘಟಕದ ವಾಸನೆ: ಬೆಂದ ಹುಳುವಿನ ವಾಸನೆಗೆ ಊಟ ಸೇರುವುದಿಲ್ಲ ಎಂದು ರಾತ್ರಿ ಎಲ್ಲರಿಗೂ ಬಡಿಸಿ ತಾನು ಪಾತ್ರೆ ಕೆರೆದು ಮಲಗುತ್ತಿದ್ದರು, ಇಪ್ಪತ್ತು ವರ್ಷದಿಂದ ಅದೇ ವಾಸನೆಯಲ್ಲಿ ದುಡಿದವರಿಗೆ ಆ ನವೆಂಬರ್‌ನಲ್ಲಿಯೇ ಊಟ ಸೇರದಂತಾಗಿತ್ತು. ಅಜ್ಜಿಯದು ಹಲ್ಲುನೋವು. ಮೂವರೂ ಒಂದೇ ಪಾತ್ರೆಯ ಮುಂದೆ ಕೂತು ಒಬ್ಬರಿಂದ ಒಬ್ಬರು ಮುಚ್ಚಿಟ್ಟಿದ್ದರು, ಪ್ರತಿಯೊಬ್ಬರೂ ತಾನೊಬ್ಬಳೇ ಬಿಡುತ್ತಿದ್ದೇನೆ, ಉಳಿದವರು ಉಣ್ಣುತ್ತಿದ್ದಾರೆ ಎಂದು ಸಮಾಧಾನಪಟ್ಟುಕೊಂಡಿದ್ದರು. ಮೂರೂ ನೆಪಗಳು ಒಂದೇ ದಿನ ಒಂದೇ ಕೋಣೆಯಲ್ಲಿ ಹೊರಬಂದದ್ದು ಫೆಬ್ರವರಿಯ ಭೇಟಿಯಲ್ಲಿ. ಅಂದು ಆ ಮೂವರೂ ಪರಸ್ಪರ ಮುಖ ನೋಡಿಕೊಂಡ ರೀತಿಯನ್ನು ನಾನು ಇಲ್ಲಿ ವರ್ಣಿಸಲಾರೆ.

ಕಿರಿಯ ಹುಡುಗನ ಸ್ಥಿತಿ ಅಷ್ಟು ಕೆಟ್ಟಿರಲಿಲ್ಲ, ಏಕೆಂದರೆ ಅವನಿಗೆ ಸರ್ಕಾರಿ ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು, ಮಧ್ಯಾಹ್ನದ ಬಿಸಿಯೂಟ ಮತ್ತು ಮೊಟ್ಟೆ ಸಿಗುತ್ತಿದ್ದವು. ಭಾನುವಾರ ಮಾತ್ರ ಅವನು ಬೆಳಗ್ಗೆಯಿಂದಲೇ ಊಟ ಕೇಳುತ್ತಿದ್ದ. ಹುಡುಗಿಯೂ ಹಿಂದಿನ ವರ್ಷದ ತನಕ, ಹತ್ತನೇ ತರಗತಿಯವರೆಗೆ, ಅದೇ ಬಿಸಿಯೂಟ ಉಂಡವಳು. ಪಿಯುಸಿಗೆ ಆಗ ಬಿಸಿಯೂಟವಿರಲಿಲ್ಲ. ದೇಹ ಬೆಳೆಯುವ, ಮುಟ್ಟಿನಿಂದ ರಕ್ತ ಕಳೆದುಕೊಳ್ಳುವ ವಯಸ್ಸಿನಲ್ಲಿ ಶಾಲೆಯ ಊಟವೂ ಮನೆಯ ಅಕ್ಕಿಯೂ ಆರೇ ತಿಂಗಳ ಅಂತರದಲ್ಲಿ ಅವಳಿಂದ ದೂರವಾದವು. ಪಿಯುಸಿ ಹುಡುಗಿಯರ ತಲೆಸುತ್ತಿಗೆ ಕಾರಣ ಹುಡುಕುವವರು ಈ ಹೊಸ್ತಿಲನ್ನು ಗಮನಿಸಬೇಕೆಂದು ನನ್ನ ಬಲವಾದ ಅಭಿಪ್ರಾಯ.

ತಂದೆಯ ಸೊಂಟದ ಚಿಕಿತ್ಸೆಯೂ ಇದರೊಂದಿಗೆ ನಿಂತಿತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ; ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡ 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತದೆ. ಉಳಿದ ಶೇಕಡ 70ಕ್ಕೆ ಎಲ್ಲಿಗೆ ಹೋಗುವುದೆಂದು ಅವರು ಆಸ್ಪತ್ರೆಯ ಮಾತನ್ನೇ ಬಿಟ್ಟಿದ್ದರು. ಅಕ್ಕಿಯ ಕಾರ್ಡು ಅಕ್ಕಿಗಷ್ಟೇ ಅಲ್ಲ ಎಂಬುದು ಕಾರ್ಡು ಕಳೆದುಕೊಂಡವರಿಗೆ ಮಾತ್ರ ಪೂರ್ತಿಯಾಗಿ ಅರ್ಥವಾಗುತ್ತದೆ.

ಇನ್ನು ತೆರಿಗೆಯ ವಿಷಯ. ಹಿರಿಯ ಮಗನಿಗೆ 2023-24ರಲ್ಲಿ ಗುತ್ತಿಗೆದಾರರು ಪಾರ್ಸಲ್ ಲೆಕ್ಕದಲ್ಲಿ ಕೊಟ್ಟದ್ದು 1,12,000 ರೂಪಾಯಿ. ಗುತ್ತಿಗೆ ಕೆಲಸದ ಹಣ ಎಂದು ಅದರಲ್ಲಿ ಶೇಕಡ 1ರಂತೆ 1,120 ರೂಪಾಯಿಯನ್ನು ಟಿಡಿಎಸ್ ಆಗಿ, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆಯಾಗಿ, ಹಿಡಿದಿದ್ದರು. ರಿಟರ್ನ್, ಅಂದರೆ ಆದಾಯ ತೆರಿಗೆ ಇಲಾಖೆಗೆ ವರ್ಷದ ಆದಾಯದ ಲೆಕ್ಕ, ಹಾಕಿದರೆ ಆ ಹಣ ವಾಪಸ್ ಬರುತ್ತದೆಂದು ಯಾರೋ ಹೇಳಿದರು. ಅವನು ಸೈಬರ್ ಸೆಂಟರಿನಲ್ಲಿ 500 ರೂಪಾಯಿ ಕೊಟ್ಟು 2024ರ ಜುಲೈನಲ್ಲಿ ರಿಟರ್ನ್ ಹಾಕಿಸಿದ, 1,120 ವಾಪಸ್ ಬಂತು. ಅವನು ಕಟ್ಟಬೇಕಾದ ತೆರಿಗೆ ಸೊನ್ನೆ, ಕಟ್ಟಿದ್ದೂ ಸೊನ್ನೆ. ಆದರೆ ಪ್ಯಾನ್, ಆಧಾರ್, ಪಡಿತರ ಚೀಟಿ ಮೂರೂ ಒಂದಕ್ಕೊಂದು ಜೋಡಣೆಯಾಗಿದ್ದರಿಂದ, ರಿಟರ್ನ್ ಸಲ್ಲಿಸಿದವನು ಕಚೇರಿಯ ಪಟ್ಟಿಯಲ್ಲಿ ತೆರಿಗೆ ಪಾವತಿದಾರನಾಗಿ ಕಂಡಿದ್ದ. ಖರ್ಚು ಕಳೆದು 620 ರೂಪಾಯಿ ಅವನ ಕೈಗೆ ಬಂದದ್ದು. ಅದರಿಂದ ಮನೆಯ ಅಕ್ಕಿ ಹೋದದ್ದು.

ವಿಷಯ ತಿಳಿದ ದಿನ ತಂದೆ ಫೋನಿನಲ್ಲಿ ಅವನಿಗೆ, ನೀನು ದುಡಿದು ಹಾಕುವುದಿರಲಿ, ಇದ್ದ ಅನ್ನವನ್ನೂ ಕಿತ್ತುಕೊಂಡೆ ಎಂದಿದ್ದರು. ಅಂದಿನಿಂದ ಹುಡುಗ ಊರಿಗೆ ಬಂದಿರಲಿಲ್ಲ, ಸಂಕ್ರಾಂತಿಗೂ ಬರಲಿಲ್ಲ. ತಾಯಿ ಗಂಡನೊಂದಿಗೆ ಮಾತು ಬಿಟ್ಟಿದ್ದರು. ಅಜ್ಜಿಗೆ, ಕಾರ್ಡು ತನ್ನ ಹೆಸರಿನಲ್ಲಿರುವುದರಿಂದ ತಪ್ಪೂ ತನ್ನದೇ ಎಂಬ ಹೆದರಿಕೆ. ಕಾಯ್ದೆಯಂತೆ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ ಎಂಬುದನ್ನು ಆಕೆ, ತನಗೆ ಒದಗಿದ ಹೊಣೆ ಎಂದಲ್ಲದೆ ತನ್ನ ಮೇಲಿನ ಆರೋಪವೆಂದು ತಿಳಿದಿದ್ದರು. ಸರ್ಕಾರಕ್ಕೆ ಮೋಸ ಮಾಡಿದ್ದೀರಿ ಎಂದು ಹಳೆಯ ಅಕ್ಕಿಯ ಹಣವನ್ನೆಲ್ಲ ವಸೂಲಿ ಮಾಡುತ್ತಾರೆ ಎಂಬ ಮಾತನ್ನು ಯಾರೋ ಆಕೆಯ ಕಿವಿಗೆ ಹಾಕಿದ್ದರು. ಸುಗ್ಗಿಯ ಕಾಲವಾದ್ದರಿಂದ ಪಕ್ಕದ ಮನೆಯವರು ಒಂದು ಮೊರ ರಾಗಿ ತಂದುಕೊಟ್ಟಾಗ, ಹಿಂದಿರುಗಿಸುವ ದಾರಿ ಕಾಣದೆ ಅದನ್ನು ಬೇಡವೆಂದು ಕಳುಹಿಸಿದ್ದೂ ಆಕೆಯೇ.

ಈ ಜಗಳವನ್ನು ಕೌಟುಂಬಿಕ ಕಲಹವೆಂದು ಬರೆದುಕೊಂಡು, ಗಂಡನ ಸಿಟ್ಟು, ಮಗನ ಮುನಿಸು ಎಂದು ಒಂದೊಂದನ್ನೇ ಬಿಡಿಸುತ್ತಾ ಕೂರಲು ನನಗೆ ಮನಸ್ಸಾಗಲಿಲ್ಲ. ಕಾರ್ಡು ಎಪಿಎಲ್ ಆಗುವ ಹಿಂದಿನ ತಿಂಗಳು ಇದೇ ಜನ ಒಂದೇ ಚಾಪೆಯ ಮೇಲೆ ಕೂತು ಉಣ್ಣುತ್ತಿದ್ದರು. ಆದ್ದರಿಂದ ಮುಂದಿನ ಭೇಟಿಗಳಲ್ಲಿ ಮೊದಲ ಅರ್ಧಗಂಟೆ ಕಾಗದಪತ್ರಕ್ಕೆ, ಉಳಿದ ಅರ್ಧಗಂಟೆ ಮನಸ್ಸಿನ ಮಾತಿಗೆ ಎಂದು ಹಂಚಿಕೊಂಡೆ. ಅರ್ಜಿ ಬರೆಯುವುದು ಆಪ್ತಸಲಹೆಗಾರರ ಕೆಲಸವಲ್ಲ ಎಂದು ಹೇಳುವ ಸಹೋದ್ಯೋಗಿಗಳಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಈ ವಿಷಯದಲ್ಲಿ ಮಾತ್ರ ಅವರ ಮಾತನ್ನು ಒಪ್ಪಲಾರೆ.

ಫೆಬ್ರವರಿಯ ಒಂದು ಭಾನುವಾರ ಹಿರಿಯ ಮಗನನ್ನೂ ಸೇರಿಸಿ ಎಲ್ಲರನ್ನೂ ಕರೆಸಿದೆ. ಅವನನ್ನು ಬರುವಂತೆ ಒಪ್ಪಿಸಿದ್ದು ತಂಗಿ. ಮೊದಲು ಎಲ್ಲರ ಮುಂದೆಯೂ ಒಂದು ವಿಷಯವನ್ನು ಸ್ಪಷ್ಟಪಡಿಸಿದೆ. ತನ್ನ ಕೂಲಿಯಿಂದ ಹಿಡಿದುಕೊಂಡ ಹಣವನ್ನು ಕಾನೂನಿನ ದಾರಿಯಲ್ಲಿ ಹಿಂದೆ ಪಡೆಯುವುದು ತಪ್ಪಲ್ಲ. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಈ ವ್ಯತ್ಯಾಸವನ್ನು ಕಾಗದದಲ್ಲಿ ತೋರಿಸಬಹುದು. 2024ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಕಾರ್ಡುಗಳು ಹೀಗೆ ಬದಲಾಗಿ ಗದ್ದಲವಾದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಬಿಪಿಎಲ್ ಕಾರ್ಡುಗಳನ್ನು ಮರಳಿ ಕೊಡುವಂತೆ ಸರ್ಕಾರವೇ ಹೇಳಿತ್ತು. ಇವರ ಕಾರ್ಡು ಹಿಂದಿರುಗದೆ ಉಳಿದದ್ದು ಪಾವತಿದಾರ ಎಂಬ ಆ ಒಂದು ಪದದಿಂದ. ಅನರ್ಹರು ಕಾರ್ಡು ಹಿಡಿದುಕೊಂಡಿರಬಾರದೆಂಬುದು ನ್ಯಾಯವಾದ ಮಾತು, ಅದಕ್ಕೆ ನನ್ನ ತಕರಾರಿಲ್ಲ. ತೆಗೆಯುವ ಮೊದಲು ಒಂದು ನೋಟಿಸ್ ಕೊಟ್ಟು, ಮನೆಯವರ ಮಾತು ಕೇಳಿ, ಆಮೇಲೆ ತೀರ್ಮಾನಿಸಬೇಕು ಎಂಬುದಷ್ಟೇ ನಾನು ಕೇಳುವುದು.

ಆದರೆ ನಾನು ಅವರಿಗೆ ಹೇಳಲೇಬೇಕಾದ ಕಠಿಣ ಸಂಗತಿಯೊಂದಿತ್ತು. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ತಿಂಗಳಿಗೆ 10,000. ಇಬ್ಬರು ದುಡಿಯುವ ಯಾವ ಬಡ ಮನೆಯೂ ನಿಜ ಹೇಳಿದರೆ ಈ ಗೆರೆಯ ಹತ್ತಿರ ಬರುತ್ತದೆ ಅಥವಾ ದಾಟುತ್ತದೆ. ಈ ಮಿತಿಯನ್ನು ಏರಿಸಬೇಕೆಂದು ನಾನು ನಂಬುತ್ತೇನೆ, ಆದರೆ ಇಂದಿನ ನಿಯಮ ಅದೇ. ಮಗನ 1,12,000ವನ್ನು ಸೇರಿಸಿದರೆ ಈ ಮನೆ ಗೆರೆ ದಾಟುತ್ತಿತ್ತು. ಅವನನ್ನು ಬಿಟ್ಟರೆ ತಾಯಿಯ ಮತ್ತು ತಂದೆಯ ಕೂಲಿ ಸೇರಿ ಒಂದು ಲಕ್ಷದೊಳಗೇ ಬರುತ್ತಿತ್ತು. ಅವನು ಎರಡು ವರ್ಷದಿಂದ ಬೇರೆ ಊರಿನಲ್ಲಿ ಬೇರೆ ಅಡುಗೆ ಮಾಡಿಕೊಂಡು ಇದ್ದವನು, ಮನೆಗೆ ಕಳುಹಿಸುತ್ತಿದ್ದದ್ದು ಹಬ್ಬಕ್ಕೆ ಒಂದೆರಡು ಸಾವಿರ. ಹಾಗಿದ್ದರೆ ಅವನ ಹೆಸರನ್ನು ಈ ಕಾರ್ಡಿನಿಂದ ತೆಗೆಸುವುದೇ ಸತ್ಯಕ್ಕೆ ಹತ್ತಿರವಾದ ದಾರಿ. ಅವನ ಪಾಲಿನ ಧಾನ್ಯ ಹೋಗುತ್ತದೆ, ಉಳಿದ ಐವರದು ಉಳಿಯುತ್ತದೆ. ಆದಾಯ ಮುಚ್ಚಿಡಲು ನಾನು ಸಲಹೆ ಕೊಡುವುದಿಲ್ಲ, ನೀವೂ ಆ ದಾರಿ ಹಿಡಿಯಬೇಡಿ ಎಂದೆ.

ಅಲ್ಲಿಯವರೆಗೆ ಸುಮ್ಮನಿದ್ದ ಅಜ್ಜಿ ಎದ್ದು ನಿಂತರು. ಮೊಮ್ಮಗನ ಹೆಸರು ಕಡಿಯುವುದೆಂದರೆ ಏನು, ಬದುಕಿರುವ ಮಗುವಿನ ಹೆಸರನ್ನು ಯಾರಾದರೂ ಕಡಿಯುತ್ತಾರೆಯೇ ಎಂದರು. ತಾಯಿ ಅಳತೊಡಗಿದರು. ಹಳ್ಳಿಯಲ್ಲಿ ಪಡಿತರ ಚೀಟಿ ಬರಿಯ ಪಡಿತರದ ಚೀಟಿಯಲ್ಲ, ಈ ಮನೆಯಲ್ಲಿ ಯಾರು ಯಾರಿದ್ದಾರೆಂದು ಸರ್ಕಾರ ಬರೆದುಕೊಟ್ಟ ಪಟ್ಟಿ. ಅದರಿಂದ ಹೆಸರು ಹೋಗುವುದು ಸತ್ತವರದು, ಮದುವೆಯಾಗಿ ಹೋದ ಹೆಣ್ಣುಮಕ್ಕಳದು, ಪಾಲು ತೆಗೆದುಕೊಂಡು ಬೇರೆಯಾದವರದು. ಮಗನ ಮುಖದಲ್ಲಿಯೂ ಅದೇ ಪ್ರಶ್ನೆಯಿತ್ತು: ಅಪ್ಪ ಫೋನಿನಲ್ಲಿ ಅಂದ ಮಾತನ್ನು ಈಗ ಕಾಗದದಲ್ಲಿಯೂ ಬರೆಸುತ್ತಿದ್ದಾರೆಯೇ? ಈ ಹೆದರಿಕೆಯನ್ನು ತಳ್ಳಿಹಾಕದೆ ಅದರ ಮೇಲೆಯೇ ಆ ದಿನದ ಉಳಿದ ಹೊತ್ತನ್ನು ಕಳೆದೆವು. ತಂದೆಗೆ ನಾನು ಕೇಳಿದ್ದು ಒಂದೇ: ಹೆಸರು ತೆಗೆಸುವ ಅರ್ಜಿಗೆ ಸಹಿ ಹಾಕುವ ಮುನ್ನ, ನವೆಂಬರ್‌ನ ಮಾತನ್ನು ಮಗನ ಎದುರಿಗೆ ಹಿಂದೆ ತೆಗೆದುಕೊಳ್ಳಬಲ್ಲಿರಾ ಎಂದು. ಅವರು ಬಹಳ ಹೊತ್ತು ನೆಲ ನೋಡುತ್ತಾ ಕೂತಿದ್ದು, "ಹೊಟ್ಟೆಯ ಉರಿಗೆ ಅಂದುಬಿಟ್ಟೆ ಕಣಪ್ಪ, ನಿನ್ನ ಮೇಲೆ ಅಲ್ಲ" ಎಂದರು. ಮಗ, ಹೆಸರು ತೆಗೆಸೋಣ ಎಂದು ತಾನೇ ಹೇಳಿದ. ತಿಂಗಳಿಗೆ 1,500 ರೂಪಾಯಿಯನ್ನು ಅಜ್ಜಿಯ ಕೈಗೆ ಕಳುಹಿಸುತ್ತೇನೆ ಎಂದೂ ಸೇರಿಸಿದ. ವರ್ಷಕ್ಕೆ ಅದು 18,000. ಕೂಡಿದರೂ ಮಿತಿಯೊಳಗೇ ಇರುತ್ತದೆ ಎಂದು ಲೆಕ್ಕ ಮಾಡಿ ನೋಡಿದೆವು, ಅದನ್ನು ಅರ್ಜಿಯಲ್ಲಿ ಬರೆದೆವು.

ಕಾಗದದ ಕೆಲಸವನ್ನು ಬೇಗ ಹೇಳಿಬಿಡುತ್ತೇನೆ. ಆದಾಯ ತೆರಿಗೆ ರಿಟರ್ನಿನ ಸ್ವೀಕೃತಿ, ಕಟ್ಟಬೇಕಾದ ತೆರಿಗೆ ಸೊನ್ನೆ ಎಂದೂ 1,120 ಮರುಪಾವತಿ ಎಂದೂ ತೋರಿಸುವ, ಆದಾಯ ತೆರಿಗೆ ಇಲಾಖೆ ಕಳುಹಿಸಿದ 143(1)ರ ಸೂಚನಾ ಪತ್ರ, ಮಗನ ಬಾಡಿಗೆ ಕರಾರಿನ ಪ್ರತಿ, ಮನೆಯವರ ಹೊಸ ಆದಾಯ ಪ್ರಮಾಣ ಪತ್ರ, ಎಲ್ಲವನ್ನೂ ಸೇರಿಸಿ ತಾಲ್ಲೂಕಿನ ಆಹಾರ ಶಾಖೆಗೆ ಅಜ್ಜಿಯ ಹೆಸರಿನಲ್ಲಿ ಅರ್ಜಿ ಕೊಡಿಸಿ, ಅರ್ಜಿಯ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕೆಂದು ಹೇಳಿದೆ. ಬಾಯಿಮಾತಿಗೆ ದಿನಾಂಕವಿಲ್ಲ, ಮೊಹರು ಬಿದ್ದ ಪ್ರತಿ ಇದ್ದರೆ ಮುಂದೆ ಯಾರ ಬಳಿಗಾದರೂ ಹೋಗಬಹುದು. ಅಲ್ಲಿ ಸಿಕ್ಕ ಗುಮಾಸ್ತರು ಅಜ್ಜಿಯನ್ನು ಕೂರಿಸಿ ಮಾತನಾಡಿಸಿದರು. ವಸೂಲಿ ಮಾಡುತ್ತಾರೆಂಬ ಆಕೆಯ ಹೆದರಿಕೆ ಅರ್ಧ ಇಳಿದದ್ದು ಆ ಮಾತಿನಿಂದಲೇ. ಅಲ್ಲಿ ಆಗದಿದ್ದರೆ ಆಹಾರ ಇಲಾಖೆಯ ಸಹಾಯವಾಣಿ 1967, ಕಾಯ್ದೆಯ 15ನೇ ಸೆಕ್ಷನ್ನಿನಂತೆ ಇರುವ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ, ಅಲ್ಲಿಯೂ ಆಗದಿದ್ದರೆ ರಾಜ್ಯ ಆಹಾರ ಆಯೋಗ ಎಂಬ ಮೆಟ್ಟಿಲುಗಳನ್ನು ಹುಡುಗಿಯ ನೋಟ್‌ಬುಕ್ಕಿನಲ್ಲಿ ಬರೆಸಿದೆ. ಮನೆಯಲ್ಲಿ ಓದು ಬರಹ ಚೆನ್ನಾಗಿ ಬಲ್ಲವಳು ಅವಳೇ. ಒಪ್ಪತ್ತು ಇದ್ದು ಮನೆಗೆ ಸಹಾಯ ಮಾಡಲು ಹೊರಟಿದ್ದವಳಿಗೆ, ಅರ್ಜಿ ಬರೆದು ಸಹಾಯ ಮಾಡುವ ದಾರಿ ಸಿಕ್ಕಿದ್ದು ಅವಳ ಮನಸ್ಸಿಗೂ ಒಳ್ಳೆಯದಾಯಿತು.

ಕಾರ್ಡು ಬರುವ ತನಕ ಹೇಗೆ ಉಣ್ಣುವುದು ಎಂಬುದಕ್ಕೂ ಸಲಹೆ ಬೇಕಿತ್ತು. ನಾನು ಹೇಳಿದ ಮೊದಲ ಮಾತು, ರಾತ್ರಿಯ ಊಟಕ್ಕೆ ಐವರೂ ಒಟ್ಟಿಗೆ ಕೂರಬೇಕು, ತಾಯಿ ತನ್ನ ತಟ್ಟೆಗೂ ಮೊದಲೇ ಬಡಿಸಿಕೊಳ್ಳಬೇಕು, ಪಾತ್ರೆಯಲ್ಲಿ ಉಳಿದದ್ದು ಅವಳದು ಎಂಬ ರೂಢಿ ನಿಲ್ಲಬೇಕು ಎಂಬುದು. ಇದನ್ನು ನಾನು ತಾಯಿಗೆ ಹೇಳಲಿಲ್ಲ, ತಂದೆಗೆ ಹೇಳಿದೆ. ಹೆಂಡತಿ ಉಂಡಳೇ ಎಂದು ನೋಡುವ ಹೊಣೆ ಅವರದಾಗಲಿ ಎಂದು ಕೇಳಿಕೊಂಡೆ. ಒಪ್ಪತ್ತು ಬಿಡು ಎಂದು ಹುಡುಗಿಗೆ ಅಜ್ಜಿಯಿಂದಲೇ ಹೇಳಿಸಿದೆ. ದೇವರ ಮಾತನ್ನು ಆ ಮನೆಯಲ್ಲಿ ಹೇಳುವ ಅಧಿಕಾರ ಅಜ್ಜಿಯದು, ನನ್ನದಲ್ಲ. ಕಡಿಮೆ ಖರ್ಚಿನಲ್ಲಿ ಹಿಡಿದುನಿಲ್ಲುವ ಊಟವನ್ನು ನಾನು ಅವರಿಗೆ ಕಲಿಸಬೇಕಾಗಿರಲಿಲ್ಲ. ಹೊಲದ ಬದುವಿನ ಬೆರಕೆ ಸೊಪ್ಪು, ಹುರುಳಿಯ ಬಸ್ಸಾರು, ಕಾಲಕ್ಕೆ ಸಿಗುವ ಅವರೆಕಾಯಿ ಇವೆಲ್ಲ ಅಜ್ಜಿಗೆ ಗೊತ್ತಿದ್ದವು. ಬೀದಿಗೆ ಇಳಿಯಲು ನಾಚಿ ಸೊಪ್ಪು ಕೀಳಲು ಹೋಗುವುದನ್ನು ಬಿಟ್ಟಿದ್ದರಷ್ಟೆ. ಪಕ್ಕದ ಮನೆಯ ಮೊರದ ರಾಗಿಯನ್ನು ಕೈಬದಲಾಗಿ ಪಡೆದು ಕಾರ್ಡು ಸರಿಯಾದ ಮೇಲೆ ಹಿಂದಿರುಗಿಸಬಹುದೆಂದು ಹೇಳಿದೆ. ಅದಕ್ಕೆ ಅವರು ಒಪ್ಪಲು ಮೂರು ವಾರ ಹಿಡಿಯಿತು, ನಾನು ಒತ್ತಾಯಿಸಲಿಲ್ಲ.

ಆ ತಿಂಗಳುಗಳಲ್ಲಿ ಸಾಲದ ಸಂಘಕ್ಕೆ ಕಟ್ಟಬೇಕಿದ್ದ ಹಣವನ್ನು ಅಕ್ಕಿಗೆಂದು ಬಳಸಿ ಎರಡು ವಾರದ ಕಂತು ತಪ್ಪಿದ್ದು, ವಸೂಲಿಯವರು ಬಾಗಿಲಿಗೆ ಬಂದು ಕೂತದ್ದು ಬೇರೆಯೇ ಒಂದು ಕಷ್ಟ. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯದಲ್ಲಿ ಕಿರುಸಾಲದ ಸುಗ್ರೀವಾಜ್ಞೆ ಬಂದದ್ದೂ 2025ರ ಫೆಬ್ರವರಿಯಲ್ಲಿಯೇ; ಹೆದರದೆ, ಕಟ್ಟಬಹುದಾದ ಕಂತನ್ನು ಬರೆದುಕೊಟ್ಟು ಸಮಯ ಕೇಳಿ ಎಂದೆ. ಮಗ ಆ ಎರಡು ಕಂತು ತೀರಿಸಿದ.

ಮಾರ್ಚ್ 30ರ ಯುಗಾದಿಗೆ ಹಿರಿಯ ಮಗ ಊರಿಗೆ ಬಂದ. ಏಪ್ರಿಲ್‌ನಲ್ಲಿ ಕಾರ್ಡು ಐದು ಹೆಸರಿನೊಂದಿಗೆ ಮತ್ತೆ ಬಿಪಿಎಲ್ ಆಯಿತು. ಅಷ್ಟರಲ್ಲಿ ಸರ್ಕಾರ ಹಣದ ಬದಲು ಹೆಚ್ಚುವರಿ 5 ಕಿಲೋವನ್ನು ಅಕ್ಕಿಯಾಗಿಯೇ ಕೊಡುವ ತೀರ್ಮಾನವನ್ನು ಫೆಬ್ರವರಿಯಿಂದ ಜಾರಿಗೆ ತಂದಿದ್ದರಿಂದ, ತಲಾ 10 ಕಿಲೋದಂತೆ 50 ಕಿಲೋ ಬಂತು. ಅಜ್ಜಿ ಹಗಲು ಹೊತ್ತಿನಲ್ಲಿಯೇ ಬೀದಿಯಲ್ಲಿ ಹೊರಿಸಿಕೊಂಡು ಬಂದರೆಂದು ಹುಡುಗಿ ಹೇಳಿದಳು. ಅದರಲ್ಲಿ ಒಂದು ಪಾಲು ಮೊರದ ರಾಗಿಯ ಬದಲಿಗೆ ಪಕ್ಕದ ಮನೆಗೆ ಹೋಯಿತು. ತಂದೆಯನ್ನು ಮತ್ತೆ ಆಸ್ಪತ್ರೆಗೆ ಕಳುಹಿಸಿದ್ದೇವೆ.

ತಾಯಿಯ ಇಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತಪಡಿಸುವ ಕೆಲಸ, ಮಾತ್ರ ಇನ್ನೂ ಬಾಕಿಯಿದೆ. ಮೂರು ಸಲ ಹೋದರೂ ಯಂತ್ರ ಆಕೆಯ ಹೆಬ್ಬೆರಳನ್ನು ಗುರುತಿಸಲಿಲ್ಲ. ಬೆರಳಚ್ಚು ಹೊಂದದ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲಿಯೇ ರಾಜ್ಯಗಳಿಗೆ ತಿಳಿಸಿದೆ. ಕಣ್ಣಿನ ಪಾಪೆಯ ಗುರುತಿನಿಂದ ಅಥವಾ ಮೊಬೈಲಿಗೆ ಬರುವ ಒಟಿಪಿಯಿಂದ ಇದನ್ನು ಮಾಡಿಕೊಡುವಂತೆ ಬರಹದಲ್ಲಿ ಕೇಳಲು, ಎರಡು ದಿನ ಬಿಸಿನೀರಿನ ಕೆಲಸಕ್ಕೆ ಬಿಡುವಿದ್ದಾಗ ಕೊಬ್ಬರಿ ಎಣ್ಣೆ ಹಚ್ಚಿ ಕೈ ಮೆತ್ತಗಾದ ಮೇಲೆ ಮತ್ತೊಮ್ಮೆ ಪ್ರಯತ್ನಿಸಲು ಹೇಳಿದ್ದೇನೆ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಐದು ತಿಂಗಳ ಧಾನ್ಯ ಏನಾಯಿತು ಎಂಬ ಪ್ರಶ್ನೆಯನ್ನು ಕೇಳಿದ್ದು ಹುಡುಗಿ. ಸಲ್ಲಬೇಕಾದ ಧಾನ್ಯ ಸಲ್ಲದಿದ್ದರೆ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ಆ ಅರ್ಜಿಯನ್ನು ಅವಳೇ ಬರೆದಳು, ನಾನು ಕಾಗುಣಿತ ಮಾತ್ರ ತಿದ್ದಿದೆ. ಮೊಹರು ಬಿದ್ದ ಪ್ರತಿ ಅವಳ ನೋಟ್‌ಬುಕ್ಕಿನಲ್ಲಿದೆ. ಏಪ್ರಿಲ್ ಕೊನೆಯಲ್ಲಿ ಅವಳ ಹಿಮೋಗ್ಲೋಬಿನ್ 10.4 ಇತ್ತು, ಮುಂದಿನ ಪರೀಕ್ಷೆ ಜೂನ್ ಮೊದಲ ವಾರಕ್ಕೆ ಗೊತ್ತಾಗಿದೆ.